ಲಿಪಿಡ್‌ಗಳ ಮಧ್ಯೆ ಬಂಧವೇ ಇಲ್ಲ ಅಂದ್ರೆ ಕೋಶಪೊರೆ ಬಿಚ್ಚಿ ಹೋಗಲ್ಲ ಯಾಕೆ?

ಅರೆಬರೆ_ನೋಟ್ಸ್:
ಎಂ.ಎಸ್ಸಿ ಮೊದಲ ಸೆಮಿಸ್ಟರ್. ಪೊರೆಯ ಪಾಠ ಮುಗಿಯಿತು, ಗೊಂದಲ ಮುಗಿದಿಲ್ಲ. ಫಾಸ್ಫೊಲಿಪಿಡ್ ಅಣುಗಳಿಗೆ ಒಂದಕ್ಕೊಂದು ಕೋವೇಲೆಂಟ್ ಬಂಧ ಇಲ್ಲ, ಸುಮ್ನೆ ಪಕ್ಕಪಕ್ಕ ನಿಂತಿರುತ್ತವೆ, ಜೊತೆಗೆ ದ್ರವದ ಹಾಗೆ ಓಡಾಡುತ್ತವೆ ಅಂತ ಹೇಳಿದರು. ಹಾಗಿದ್ರೆ ಪೊರೆ ಚದುರಿ ಹೋಗಬೇಕಲ್ವಾ? ಒಳಪದರ ಹೊರಪದರ ಎರಡೂ ಕಲಸಿ ಹೋಗಬೇಕಲ್ವಾ? ಇನ್ನೊಂದು, ಕೊಲೆಸ್ಟರಾಲ್ ಪೊರೆಯನ್ನು ಗಟ್ಟಿ ಮಾಡುತ್ತಾ, ಸಡಿಲ ಮಾಡುತ್ತಾ? ನನ್ನ ನೋಟ್ಸಲ್ಲಿ ಎರಡೂ ಇದೆ, ಅದೂ ಒಂದೇ ಪುಟದಲ್ಲಿ.

ಪಿಪೆಟ್_ರಾಯ:
ನೀವು ಲಿಪಿಡ್ ಕಡೆಯಿಂದ ಯೋಚಿಸುತ್ತಿದ್ದೀರಿ, ನೀರಿನ ಕಡೆಯಿಂದ ನೋಡಿ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿದು ಆಡುತ್ತಿರುತ್ತವೆ. ಫಾಸ್ಫೊಲಿಪಿಡ್‌ಗೆ ನೀರು ಬಯಸುವ ಒಂದು ತಲೆ, ನೀರಿಗೆ ಸೇರದ ಎರಡು ಎಣ್ಣೆ ಬಾಲ. ನೀರಿನ ಮಧ್ಯದಲ್ಲಿ ಅಂಥ ಒಂದು ಬಾಲ ಬಂದು ಕೂತರೆ ಅದರ ಸುತ್ತಲಿನ ನೀರಿಗೆ ಆ ಸ್ವಾತಂತ್ರ್ಯ ಕಡಿಮೆಯಾಗುತ್ತದೆ, ಅಂದ್ರೆ ಎಂಟ್ರೊಪಿ ನಷ್ಟ. ಬಾಲಗಳೆಲ್ಲ ಒಂದೆಡೆ ಸೇರಿದರೆ ಅಷ್ಟು ನೀರು ಬಿಡುಗಡೆಯಾಗುತ್ತದೆ. ಪೊರೆಯನ್ನು ಒಟ್ಟಾಗಿ ಇಟ್ಟಿರುವುದು ಮುಖ್ಯವಾಗಿ ಇದೇ. ತೂತು ಬಿದ್ದರೆ ಅಂಚಿನಲ್ಲಿ ಬಾಲಗಳು ಮತ್ತೆ ನೀರಿಗೆ ತಾಗುತ್ತವೆ, ಅದಕ್ಕೇ ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ.

ಲ್ಯಾಬಲ್ಲಿ ಲೆಸಿಥಿನ್ (ಒಂದು ಫಾಸ್ಫೊಲಿಪಿಡ್) ಸಿಕ್ಕರೆ ಸ್ಲೈಡಿನ ಮೇಲೆ ಒಣಗಿಸಿ, ಕವರ್‌ಸ್ಲಿಪ್ ಹಾಕಿ, ಪಕ್ಕದಿಂದ ಒಂದು ಹನಿ ನೀರು ಬಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿ. ಅಂಚಿನಿಂದ ಹುಳುಗಳ ಹಾಗೆ ಕೊಳವೆಗಳು ಹೊರಟು, ಸುರುಳಿ ಸುತ್ತುತ್ತಾ ನೀರಿನೊಳಕ್ಕೆ ಬೆಳೆಯುತ್ತವೆ. ಮೊದಲ ಸಲ ನೋಡಿದಾಗ ಏನೋ ಜೀವಿ ಸೇರಿಕೊಂಡಿದೆ ಅಂತ ಸ್ಲೈಡ್ ಎಸೆದಿದ್ದೆ! ಅಷ್ಟೂ ಪದರಗಳು ತಾವಾಗೇ ಜೋಡಿಕೊಂಡಿದ್ದು.

ಕಿಟಕಿ_ಬೆಂಚು:
ಎರಡು ಪದರ ಅನ್ನುವುದಕ್ಕೆ 1925ರ ಗಾರ್ಟರ್ ಮತ್ತು ಗ್ರೆಂಡೆಲ್ ಪ್ರಯೋಗವೇ ಸಾಕಲ್ವಾ? ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರೆ ಕಣಗಳ ಮೇಲ್ಮೈಗಿಂತ ಸರಿಯಾಗಿ ಎರಡು ಪಟ್ಟು ಬಂತು.

ಹಳೇ_ಮೇಷ್ಟ್ರು:
ಬಂತು, ಆದರೆ ಅದೃಷ್ಟದಿಂದ. ಲಿಪಿಡ್ ತೆಗೆಯಲು ಅವರು ಬಳಸಿದ ಅಸಿಟೋನ್ ಅದನ್ನು ಪೂರ್ತಿ ತೆಗೆಯುವುದಿಲ್ಲ, ಕಣಗಳ ಮೇಲ್ಮೈಯನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಯಿತು. ನನಗೆ ಪೊರೆಯ ಇತಿಹಾಸದಲ್ಲಿ ಅತಿ ಇಷ್ಟದ ಪ್ರಯೋಗ ಇದೇ, ಪರೀಕ್ಷೆಯಲ್ಲಿ ಮಾತ್ರ ಹೀಗೆ ಮಾಡಬೇಡಿ.

ಕಲಸಿ ಹೋಗುವ ವಿಷಯಕ್ಕೆ ಬರೋಣ. ಪೊರೆ ದ್ರವ ಅಂದರೆ ಅದೇ ಪದರದೊಳಗೆ ಮಾತ್ರ ದ್ರವ. ಪಕ್ಕದವರ ಜೊತೆ ಲಿಪಿಡ್ ಸೆಕೆಂಡಿಗೆ ಸುಮಾರು 1 ಕೋಟಿ ಸಲ ಜಾಗ ಬದಲಿಸುತ್ತದೆ. ಪ್ರೋಟೀನ್‌ಗಳೂ ಅಲೆಯುತ್ತವೆ: 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು ಎರಡರ ಪ್ರೋಟೀನ್‌ಗೂ ಬೇರೆಬೇರೆ ಬಣ್ಣ ಹಚ್ಚಿದರು. ಮೊದಲು ಅರ್ಧರ್ಧ ಇದ್ದ ಬಣ್ಣ, 37 ಡಿಗ್ರಿಯಲ್ಲಿ 40 ನಿಮಿಷಕ್ಕೆ ಪೂರ್ತಿ ಬೆರೆತಿತ್ತು. ಆದರೆ ಒಂದು ಫಾಸ್ಫೊಲಿಪಿಡ್ ಈ ಪದರದಿಂದ ಆ ಪದರಕ್ಕೆ ಪಲ್ಟಿ ಹೊಡೆಯಬೇಕೆಂದರೆ ನೀರು ಬಯಸುವ ತಲೆಯನ್ನು ಎಣ್ಣೆಯ ಮಧ್ಯೆ ಎಳೆದುಕೊಂಡು ಹೋಗಬೇಕು. ತಾನಾಗಿ ಆಗಲು ಗಂಟೆಗಳು, ದಿನಗಳೇ ಬೇಕು. ಬೇಗ ಆಗಬೇಕಾದ ಕಡೆ ಫ್ಲಿಪ್ಪೇಸ್ ಎಂಬ ಪ್ರೋಟೀನ್ ಎಟಿಪಿ (ಕೋಶದ ಶಕ್ತಿಯ ಅಣು) ಖರ್ಚು ಮಾಡಿ ಆ ಕೆಲಸ ಮಾಡುತ್ತದೆ, ಫಾಸ್ಫಟಿಡೈಲ್‌ಸೆರೀನ್ ಎಂಬ ಫಾಸ್ಫೊಲಿಪಿಡ್ ಒಳಪದರದಲ್ಲೇ ಉಳಿಯುವುದು ಹಾಗೆ. ಕೋಶ ಸಾಯುವಾಗ ಅದು ಹೊರಗೆ ಕಾಣಿಸಿಕೊಳ್ಳುತ್ತದೆ, ಅದನ್ನು ಗುರುತಿಸಿ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ ಬಂದು ಆ ಕೋಶವನ್ನು ನುಂಗುತ್ತದೆ.

ಸೋಪುನೊರೆ:
ಪಿಪೆಟ್_ರಾಯರ ಮಾತಿಗೆ ಒಂದು ಸೇರಿಸುತ್ತೇನೆ. ಒಮ್ಮೆ ಕೆಂಪು ರಕ್ತಕಣಗಳ ಟ್ಯೂಬಿಗೆ ಬಫರ್ ಅಂದುಕೊಂಡು ಡಿಟರ್ಜೆಂಟ್ ಹಾಕಿಬಿಟ್ಟೆ. ಕದಡಿದಂತಿದ್ದ ಕೆಂಪು, ಕಣ್ಣೆದುರೇ ಗಾಜಿನಷ್ಟು ತಿಳಿಯಾಯಿತು, ಹಿಂದಿನ ಲೇಬಲ್ ಓದಬಹುದಿತ್ತು. ಒಂದು ಕೋವೇಲೆಂಟ್ ಬಂಧವೂ ಮುರಿದಿರಲಿಲ್ಲ, ಬಾಲಗಳಿಗೆ ನೀರಿನಿಂದ ಅಡಗಲು ಬೇರೆ ಜಾಗ ಸಿಕ್ಕಿತ್ತು ಅಷ್ಟೆ. ಒಂದು ವಾರದ ಸ್ಯಾಂಪಲ್ ಹೋಯಿತು.

ಕೊಲೆಸ್ಟರಾಲ್: ನಿಮ್ಮ ಎರಡೂ ಸಾಲು ಸರಿ, ತಾಪಮಾನ ಬಿಟ್ಟುಹೋಗಿದೆ. ದೇಹದ ಬಿಸಿಯಲ್ಲಿ ಅದರ ಗಡುಸು ಉಂಗುರಗಳು ಪಕ್ಕದ ಬಾಲಗಳ ಕುಣಿತ ತಡೆಯುತ್ತವೆ, ಪೊರೆ ಬಿಗಿಯಾಗುತ್ತದೆ. ತಣ್ಣಗಾದಾಗ ಅದೇ ಅಣು ಬಾಲಗಳು ಒತ್ತೊತ್ತಾಗಿ ಹೆಪ್ಪುಗಟ್ಟದಂತೆ ಮಧ್ಯೆ ಅಡ್ಡ ನಿಲ್ಲುತ್ತದೆ.

ಅರೆಬರೆ_ನೋಟ್ಸ್:
ತಾಪಮಾನ ಬರೆದುಕೊಂಡೆ, ಥ್ಯಾಂಕ್ಸ್. ಬಹುಪಾಲು ಬ್ಯಾಕ್ಟೀರಿಯಾಗಳಲ್ಲಿ ಕೊಲೆಸ್ಟರಾಲ್ ಇಲ್ವಲ್ಲ, ಚಳಿಯಲ್ಲಿ ಅವು ಏನು ಮಾಡುತ್ತವೆ?

ಹಳೇ_ಮೇಷ್ಟ್ರು:
ಬಾಲಗಳನ್ನೇ ಬದಲಿಸುತ್ತವೆ. ಬಾಲಗಳು ಅಂದರೆ ಕೊಬ್ಬಿನಾಮ್ಲಗಳು. ಅವುಗಳಲ್ಲಿ ಸ್ಟಿಯರಿಕ್ ಆಮ್ಲ, ಒಲೀಕ್ ಆಮ್ಲ ಎರಡಕ್ಕೂ 18 ಕಾರ್ಬನ್. ಮೊದಲನೆಯದು ಕರಗುವುದು ಸುಮಾರು 69 ಡಿಗ್ರಿಗೆ, ಎರಡನೆಯದು 13ರ ಆಸುಪಾಸಿನಲ್ಲಿ. ವ್ಯತ್ಯಾಸ ಒಂದೇ ಒಂದು ಸಿಸ್ ಜೋಡಿಬಂಧ, ಅಲ್ಲಿ ಬಾಲ ಸೊಟ್ಟಗಾಗುತ್ತದೆ, ಒತ್ತಾಗಿ ಕೂರಲು ಬರುವುದಿಲ್ಲ. ಇ. ಕೋಲೈಯನ್ನು ತಣ್ಣಗೆ ಬೆಳೆಸಿ ಲಿಪಿಡ್ ತೆಗೆದು ನೋಡಿ, ಇಂಥ ಸೊಟ್ಟ ಬಾಲಗಳೇ ಜಾಸ್ತಿ ಸಿಗುತ್ತವೆ.