ವಿಡಿಯೊ ಎಡಿಟಿಂಗ್‌ಗೆ ಹಳೆಯ ಲ್ಯಾಪ್‌ಟಾಪನ್ನೇ ಸುಧಾರಿಸಬೇಕೋ, ಹೊಸದನ್ನು ಕೊಳ್ಳಬೇಕೋ?

ಗೋಣಿಕೊಪ್ಪ ಛಾಯಾಗ್ರಾಹಕ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆಗಳ ಸುತ್ತಮುತ್ತ ಮದುವೆ ಹಾಗೂ ಹೋಂಸ್ಟೇಗಳ ವಿಡಿಯೊ ಚಿತ್ರೀಕರಿಸಿ ನಾನೇ ಎಡಿಟ್ ಮಾಡಿಕೊಡುತ್ತೇನೆ. ನನ್ನಲ್ಲಿರುವುದು 2019ರಲ್ಲಿ ಕೊಂಡ ಲ್ಯಾಪ್‌ಟಾಪ್. ಅದರಲ್ಲಿ ಇಂಟೆಲ್ ಐ5 8300ಎಚ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಮತ್ತು 4 ಜಿಬಿಯ ಜಿಟಿಎಕ್ಸ್ 1050 ಗ್ರಾಫಿಕ್ಸ್ ಇವೆ. ಫುಲ್ ಎಚ್‌ಡಿ ಕೆಲಸಕ್ಕೆ ಇಷ್ಟು ಸಾಕಾಗುತ್ತಿತ್ತು. ಈಗ ಮದುವೆ ಮನೆಯವರು 4ಕೆ ಕೇಳುತ್ತಿದ್ದಾರೆ. ನಮ್ಮ ಕಡೆಯ ಮದುವೆಯಲ್ಲಿ ಗಂಗಾಪೂಜೆಯೊಂದಕ್ಕೇ ಎಷ್ಟು ಹೊತ್ತು ಹಿಡಿಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಮದುಮಗಳು ಕೊಡ ಹೊತ್ತು ಒಂದೊಂದೇ ಹೆಜ್ಜೆ ಇಡುತ್ತಿದ್ದರೆ ನೆಂಟರು ವಾಲಗಕ್ಕೆ ಕುಣಿಯುತ್ತಾ ದಾರಿ ಕಟ್ಟಿರುತ್ತಾರೆ, ಅಷ್ಟು ಹೊತ್ತೂ ಎರಡು ಕ್ಯಾಮೆರಾ ಓಡುತ್ತಲೇ ಇರುತ್ತವೆ. ಆ ಫುಟೇಜನ್ನು ಟೈಮ್‌ಲೈನಿಗೆ ಹಾಕಿದರೆ ಚಿತ್ರ ತಡೆದು ತಡೆದು ಚಲಿಸುತ್ತದೆ.

ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಮತ್ತೆ ಮದುವೆಗಳು ಸಾಲುಗಟ್ಟುತ್ತವೆ. ಅದಕ್ಕೆ ಮುನ್ನ ಸುಮಾರು ಒಂದು ಲಕ್ಷ ರೂಪಾಯಿಯೊಳಗೆ ಹೊಸ ಲ್ಯಾಪ್‌ಟಾಪ್ ಕೊಳ್ಳುವುದೋ, ಇದಕ್ಕೇ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿಕೊಳ್ಳುವುದೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಮಡಿಕೇರಿ ಎಡಿಟರ್:

ಲ್ಯಾಪ್‌ಟಾಪಿನ ವಯಸ್ಸು ನೋಡಿ ತೀರ್ಮಾನಿಸಬೇಡಿ. ಕ್ಯಾಮೆರಾ ಯಾವ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡುತ್ತಿದೆ ಎಂಬುದನ್ನು ಮೊದಲು ತಿಳಿಸಿ. ಎರಡೂ ಕ್ಯಾಮೆರಾಗಳ ಕ್ಲಿಪ್‌ಗಳು ಒಂದೇ ರೀತಿ ತಡೆಯುತ್ತವೆಯೋ, ಒಂದರದು ಮಾತ್ರವೋ? ಒಂದೊಂದೇ ಕ್ಲಿಪ್ಪನ್ನು ಪ್ಲೇ ಮಾಡಿ, ಜೊತೆಗೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ರ‍್ಯಾಮ್, ಡಿಸ್ಕ್, ಸಿಪಿಯು ಮತ್ತು ಜಿಪಿಯು ವಿಭಾಗದಲ್ಲಿರುವ ವಿಡಿಯೊ ಡಿಕೋಡ್ ಎಂಬ ಗ್ರಾಫ್ ಹೇಗಿವೆ ಎಂದು ನೋಡಿ ಬರೆಯಿರಿ.

ಗೋಣಿಕೊಪ್ಪ ಛಾಯಾಗ್ರಾಹಕ:

ನೋಡಿದೆ ಸರ್. ನನ್ನ ಕ್ಯಾಮೆರಾ ಸೋನಿ ಝಡ್‌ವಿ-ಇ10, ಅದು 4ಕೆಯಲ್ಲಿ 8 ಬಿಟ್ (ಬಣ್ಣದ ಛಾಯೆಗಳು ಕಡಿಮೆ) ಎಚ್.264 ಫಾರ್ಮ್ಯಾಟ್ ಕೊಡುತ್ತದೆ. ಆ ಕ್ಲಿಪ್ ಒಂದೇ ಇದ್ದಾಗ ಬಹುಮಟ್ಟಿಗೆ ಸರಾಗವಾಗಿಯೇ ಓಡುತ್ತದೆ. ಜೊತೆಗೆ ಬರುವ ಗೆಳೆಯನದು ಸೋನಿ ಎ7 4. ಅವನು ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ (ಅದು ಎಚ್.265 ಫಾರ್ಮ್ಯಾಟ್) 4:2:2 10 ಬಿಟ್ ಇಟ್ಟುಕೊಂಡಿದ್ದಾನೆ, ಅಂದರೆ ಬಣ್ಣದ ವಿವರವೂ ಛಾಯೆಗಳೂ ಹೆಚ್ಚು. ಅವನ ಕ್ಲಿಪ್ ಹಾಕಿದ ಕೂಡಲೇ ಸಿಪಿಯು ನೂರರ ಹತ್ತಿರ ಹೋಗಿ ನಿಲ್ಲುತ್ತದೆ, ವಿಡಿಯೊ ಡಿಕೋಡ್ ಗ್ರಾಫ್ ಮಾತ್ರ ನೆಲ ಬಿಟ್ಟು ಏಳುವುದೇ ಇಲ್ಲ. ಎರಡೂ ಕ್ಯಾಮೆರಾದ ಕ್ಲಿಪ್‌ಗಳನ್ನು ಒಟ್ಟಿಗೆ ಹಾಕಿದರೆ ರ‍್ಯಾಮ್ ಪೂರ್ತಿ ತುಂಬಿ, ಡಿಸ್ಕ್ ಕೂಡ ನೂರು ಮುಟ್ಟುತ್ತದೆ.

ಮಡಿಕೇರಿ ಎಡಿಟರ್:

ಹಾಗಾದರೆ ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳು, ಅವುಗಳ ಮದ್ದೂ ಬೇರೆ.

ಮೊದಲನೆಯದು ಡಿಕೋಡಿಂಗ್. ಎಚ್.265 ಎಂಬುದು ಚಿತ್ರವನ್ನು ಬಹಳ ಬಿಗಿಯಾಗಿ ಒತ್ತಿಡುವ ವಿಧಾನವಾದ್ದರಿಂದ, ಅದನ್ನು ಬಿಚ್ಚಲು ಪ್ರೊಸೆಸರಿನಲ್ಲಿ ಅಥವಾ ಗ್ರಾಫಿಕ್ಸ್ ಚಿಪ್ಪಿನಲ್ಲಿ ಅದಕ್ಕೆಂದೇ ಇರುವ ಭಾಗ ನೆರವಾಗಬೇಕು. ನಿಮ್ಮ 8ನೇ ತಲೆಮಾರಿನ ಇಂಟೆಲ್ ಆಗಲಿ, ಜಿಟಿಎಕ್ಸ್ 1050 ಆಗಲಿ ಬಣ್ಣದ ವಿವರ ಕಡಿಮೆಯಿರುವ 4:2:0 10 ಬಿಟ್‌ವರೆಗೆ ಈ ಕೆಲಸ ಮಾಡುತ್ತವೆಯೇ ಹೊರತು 4:2:2 ಬಂದರೆ ಕೈಚೆಲ್ಲುತ್ತವೆ. ಆಗ ಇಡೀ ಹೊರೆ ಸಿಪಿಯು ತಲೆಗೇ ಬೀಳುತ್ತದೆ. ನಿಮ್ಮ ಡಿಕೋಡ್ ಗ್ರಾಫ್ ಏಳದಿರುವುದಕ್ಕೆ ಕಾರಣ ಇದೇ. ರ‍್ಯಾಮ್ ಎಷ್ಟು ಹಾಕಿಸಿದರೂ ಇದು ಸರಿಹೋಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಇದನ್ನು ಗಮನಿಸಲೇಬೇಕು. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಚಿಪ್‌ಗಳ ಒಳಗ್ರಾಫಿಕ್ಸ್ ಎಚ್.265ರ 4:2:2 10 ಬಿಟ್ಟನ್ನು ಬಿಚ್ಚಬಲ್ಲದು, ಆಪಲ್‌ನ ಎಂ ಸರಣಿಯೂ ಬಿಚ್ಚುತ್ತದೆ. ಎನ್‌ವಿಡಿಯಾದವರು ಈ ಸೌಲಭ್ಯ ಕೊಟ್ಟದ್ದು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಿಂದ ಮಾತ್ರ. ಹೆಚ್ಚು ಬೆಲೆಯ 40 ಸರಣಿಯ ಕಾರ್ಡ್ ಕಂಡು, ಜೊತೆಗಿರುವ ಪ್ರೊಸೆಸರ್ ಯಾವುದೆಂದು ವಿಚಾರಿಸದೆ ದುಡ್ಡು ಕೊಟ್ಟು ಬಂದವರಿದ್ದಾರೆ.

ಖರ್ಚಿಲ್ಲದ ದಾರಿಯೂ ಒಂದಿದೆ. ಎ7 4ರ ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿಯೇ 4:2:0 10 ಬಿಟ್ ಆಯ್ಕೆ ಇರುವುದರಿಂದ, ಮುಂದಿನ ಮದುವೆಗೆ ನಿಮ್ಮ ಗೆಳೆಯರು ಅದನ್ನು ಇಟ್ಟುಕೊಳ್ಳಲಿ. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ತೆಗೆಯುವ ವಿಧಾನ) ಚಿತ್ರೀಕರಿಸುವವರಾದರೆ ಕೊಡಗಿನಲ್ಲಿ 10 ಬಿಟ್ಟನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗಿನ ಮಂಜು ಬೆಟ್ಟದ ಮೇಲೆ ಬೂದಿಯಿಂದ ಬಿಳಿಗೆ ನವಿರಾಗಿ ತಿರುಗುವ ದೃಶ್ಯವನ್ನು 8 ಬಿಟ್ ಲಾಗ್‌ನಲ್ಲಿ ತೆಗೆದು ಬಣ್ಣ ತಿದ್ದಲು ಹೊರಟರೆ ಮಂಜು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. 4:2:2ರಿಂದ 4:2:0ಕ್ಕೆ ಇಳಿದರೆ ಹಸಿರು ಪರದೆಯ ಕೆಲಸಕ್ಕೆ ತೊಡಕಾಗಬಹುದು. ಮದುವೆ ವಿಡಿಯೊದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗಾಗಲೇ ತೆಗೆದಿರುವ ಫುಟೇಜಿಗೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದೇ ಹಗುರವಾದ ನಕಲು ಮಾಡಿಕೊಳ್ಳಿ. ಪ್ರೀಮಿಯರ್ ಪ್ರೋ, ಡಾವಿಂಚಿ ರಿಸಾಲ್ವ್ ಎರಡರಲ್ಲೂ ಆ ಸೌಕರ್ಯ ಇದೆ. ರಾತ್ರಿ ಮಲಗುವಾಗ ಹಚ್ಚಿಟ್ಟರೆ, ಬೆಳಿಗ್ಗೆ ಸಣ್ಣ ಗಾತ್ರದ ಪ್ರತಿಗಳ ಮೇಲೆ ಕತ್ತರಿ ಆಡಿಸಬಹುದು, ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫುಟೇಜೇ ಬಳಕೆಯಾಗುತ್ತದೆ.

ಎರಡನೆಯ ತೊಂದರೆಯಾದ ರ‍್ಯಾಮ್ ಮತ್ತು ಡಿಸ್ಕಿನ ಬಗ್ಗೆ ದುರಸ್ತಿಯ ಕೆಲಸ ಬಲ್ಲವರು ಹೇಳಿದರೆ ಒಳ್ಳೆಯದು.

ಕುಶಾಲನಗರ ಸರ್ವೀಸ್:

ಈ ಕಾಲದ ಲ್ಯಾಪ್‌ಟಾಪ್‌ಗಳನ್ನು ಬಿಚ್ಚುವುದು ನನಗೆ ನಿತ್ಯದ ಕೆಲಸ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಅವನ್ನು ಬದಲಿಸುವ ಮಾತೇ ಇಲ್ಲ. ಆದರೆ ನಿಮ್ಮ ಪ್ರೊಸೆಸರಿರುವ ಮಾದರಿಗಳಲ್ಲಿ ಸಾಮಾನ್ಯವಾಗಿ ಡಿಡಿಆರ್4 ರ‍್ಯಾಮ್‌ಗೆ ಎರಡು ಸ್ಲಾಟ್‌ಗಳೂ ಎಂ.2 ಎಸ್‌ಎಸ್‌ಡಿಗೆ ಒಂದು ಜಾಗವೂ ಇರುತ್ತವೆ. 8 ಜಿಬಿಯ ಒಂದೇ ಪಟ್ಟಿ ಇದ್ದರೆ ಇನ್ನೊಂದು 8 ಜಿಬಿ ಸೇರಿಸಿ. ಎರಡೂ ಸ್ಲಾಟ್ ತುಂಬಿದಾಗ ಮೆಮೊರಿಯ ವೇಗವೂ ಹೆಚ್ಚುತ್ತದೆ. ಅಡೋಬಿಯವರು 4ಕೆ ಕೆಲಸಕ್ಕೆ 32 ಜಿಬಿ ಎನ್ನುತ್ತಾರೆ, ಪ್ರಾಕ್ಸಿ ಬಳಸುವವರಿಗೆ 16ರಲ್ಲಿ ಕೆಲಸ ಸಾಗುತ್ತದೆ.

ಡಿಸ್ಕಿನ ಲೆಕ್ಕ ಹೀಗಿದೆ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಎಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ತಲಾ ನಾಲ್ಕು ಗಂಟೆ ಓಡಿದರೆ ಒಂದು ಮದುವೆಗೇ 360 ಜಿಬಿ ಆಗುತ್ತದೆ. ಒಂದು ಕ್ಲಿಪ್ಪನ್ನು ಓದುವುದು ಹಾರ್ಡ್ ಡಿಸ್ಕಿಗೆ ಕಷ್ಟವೇನಲ್ಲ. ವಿಂಡೋಸ್, ಎಡಿಟಿಂಗ್ ತಂತ್ರಾಂಶದ ಕ್ಯಾಶೆ (ತಾತ್ಕಾಲಿಕ ಕಡತಗಳು), ಎರಡು ಕ್ಯಾಮೆರಾದ ಕ್ಲಿಪ್‌ಗಳು ಎಲ್ಲವೂ ಅದೇ ಡಿಸ್ಕಿನಲ್ಲಿದ್ದಾಗ ಅದರ ಮುಳ್ಳು ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ. ವಿಂಡೋಸ್, ಕ್ಯಾಶೆ ಮತ್ತು ಸದ್ಯ ಕೈಯಲ್ಲಿರುವ ಮದುವೆ ಎಸ್‌ಎಸ್‌ಡಿಯಲ್ಲಿರಲಿ, ಮುಗಿದದ್ದು ಹಾರ್ಡ್ ಡಿಸ್ಕಿಗೆ ಹೋಗಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು 8ನೇ ತಲೆಮಾರಿನದಾದ್ದರಿಂದ ವಿಂಡೋಸ್ 11 ಹಾಕಬಹುದು. 7ನೆಯದಾಗಿದ್ದರೆ ಹೊಸದನ್ನೇ ಕೊಳ್ಳಿ ಎನ್ನುತ್ತಿದ್ದೆ.

ಫ್ಯಾನ್ ತೆಗೆದು ಸ್ವಚ್ಛಗೊಳಿಸಿ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಬದಲಿಸುವುದನ್ನೂ ಒಟ್ಟಿಗೇ ಮುಗಿಸಿಕೊಳ್ಳಿ. ಕಣದಲ್ಲಿ ಕಾಫಿ ಒಣಗಿಸುವ ಮನೆಗಳಿಂದ ಬರುವ ಲ್ಯಾಪ್‌ಟಾಪ್‌ಗಳ ಫ್ಯಾನಿನ ಹಿಂದೆ ದೂಳು ಕಂಬಳಿಯ ಹಾಗೆ ಕೂತಿರುತ್ತದೆ, ಬಿಸಿ ಹೊರಗೆ ಹೋಗದೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಸೋಮವಾರಪೇಟೆ ಹೋಂಸ್ಟೇ ವಿಡಿಯೊ:

ನನ್ನ ಅಭಿಪ್ರಾಯ ಬೇರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವಾಗ, ಮುಂದೆ ಬೇರೆ ಯಂತ್ರಕ್ಕೆ ಆಗಿಬರದ ಡಿಡಿಆರ್4 ಪಟ್ಟಿಗೆ ಹಣ ಹಾಕುವುದು ನನಗೆ ಸರಿಕಾಣುವುದಿಲ್ಲ. ಪ್ರಾಕ್ಸಿಗೆ ಹಿಡಿಯುವ ಸಮಯಕ್ಕೂ ಬೆಲೆಯಿದೆ. ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ, ಅದು ಕರೆಂಟಿನದು. ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಗೆ ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ದಿನಗಟ್ಟಲೆ ಕರೆಂಟಿರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯ ಮೇಲೆ ವೇಗ ತಗ್ಗಿಸುತ್ತವೆ, ಹಾಗಿದ್ದೂ ಬೇಗ ಆರಿಹೋಗುತ್ತವೆ. ನಾನು ಬಳಸುವ ಎಂ ಸರಣಿಯ ಮ್ಯಾಕ್‌ಬುಕ್ ಏರ್ ಪ್ಲಗ್ ಕಿತ್ತರೂ ಅದೇ ವೇಗದಲ್ಲಿ ಕೆಲಸ ಮಾಡುತ್ತದೆ. ಕುಂದೂ ಇದೆ: ಅದಕ್ಕೆ ಫ್ಯಾನ್ ಇಲ್ಲದ ಕಾರಣ ದೀರ್ಘ ಎಕ್ಸ್‌ಪೋರ್ಟ್‌ನಲ್ಲಿ ನಿಧಾನವಾಗುತ್ತದೆ, ರ‍್ಯಾಮನ್ನು ಕೊಳ್ಳುವಾಗಲೇ 16 ಜಿಬಿಗೆ ಕಡಿಮೆಯಿಲ್ಲದಂತೆ ಆರಿಸಿಕೊಳ್ಳಬೇಕು, ಆಮೇಲೆ ಸೇರಿಸಲಾಗದು.

ಮಡಿಕೇರಿ ಎಡಿಟರ್:

ಕರೆಂಟಿನ ಮಾತನ್ನು ಒಪ್ಪುತ್ತೇನೆ. ವರ್ಷವಿಡೀ ಹೋಂಸ್ಟೇ ಕೆಲಸ ಮಾಡುವ ನಿಮಗೆ ಆ ಖರೀದಿ ಸರಿ. ಮದುವೆಯವರ ಕೆಲಸ ಹಾಗಲ್ಲ. ನೀವು ಹೇಳಿದ ಆಟಿಯಲ್ಲಿ, ಅಂದರೆ ನಮ್ಮ ಕಕ್ಕಡದಲ್ಲಿ, ಮದುವೆಗಳೇ ಇಲ್ಲ, ಕಟ್ಟಕಡೆಯ ಎಡಿಟಿಂಗ್ ಮಳೆ ಬಿರುಸಾಗುವ ಮುನ್ನ ಮುಗಿದರೆ ಸಾಕು. ಬಾಕಿ ಉಳಿದರೂ ಪ್ರಾಕ್ಸಿಯ ಮೇಲೆ ಕತ್ತರಿಸುವುದನ್ನು ಬ್ಯಾಟರಿಯಲ್ಲಿ ಮಾಡಿ, ಎಕ್ಸ್‌ಪೋರ್ಟನ್ನು ಕರೆಂಟಿದ್ದಾಗ ಹಚ್ಚಬಹುದು. ಗೋಣಿಕೊಪ್ಪದವರು ಒಂದು ಲಕ್ಷವನ್ನು ಈಗಲೇ ತೊಡಗಿಸಬೇಕಾದ ಕಾರಣ ನನಗೆ ಕಾಣುತ್ತಿಲ್ಲ.

ಗೋಣಿಕೊಪ್ಪ ಛಾಯಾಗ್ರಾಹಕ:

ಎಲ್ಲರಿಗೂ ಕೃತಜ್ಞತೆಗಳು. ಗೆಳೆಯನ ಕ್ಯಾಮೆರಾದಲ್ಲಿ 4:2:0 10 ಬಿಟ್ ಇಟ್ಟು ತೋಟದಲ್ಲಿ ಒಂದಿಷ್ಟು ಚಿತ್ರೀಕರಿಸಿ ನೋಡಿದೆವು. ಡಿಕೋಡ್ ಗ್ರಾಫ್ ಎದ್ದಿತು, ಸಿಪಿಯು ಇಳಿಯಿತು, ಕ್ಲಿಪ್ ನಿಲ್ಲದೆ ಓಡಿತು. ಆದ್ದರಿಂದ ಈ ಸಲಕ್ಕೆ 8 ಜಿಬಿ ರ‍್ಯಾಮ್ ಮತ್ತು 1 ಟಿಬಿ ಎಸ್‌ಎಸ್‌ಡಿ ಹಾಕಿಸುತ್ತೇನೆ. ಹೊಸ ಲ್ಯಾಪ್‌ಟಾಪಿನ ವಿಚಾರವನ್ನು ಮುಂದಿನ ಮೇ ತಿಂಗಳ ಮದುವೆಗಳು ಮುಗಿದ ಮೇಲೆ ನೋಡುತ್ತೇನೆ. ಕುಶಾಲನಗರದ ಸರ್, ಯಾವ ಎಸ್‌ಎಸ್‌ಡಿ ತರಿಸಬೇಕು?

ಕುಶಾಲನಗರ ಸರ್ವೀಸ್:

ಈಗಲೇ ಏನನ್ನೂ ತರಿಸಬೇಡಿ. ಎಂ.2 ಜಾಗದಲ್ಲಿ ಕೆಲವು ಮಾದರಿಗಳು ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಒಪ್ಪುತ್ತವೆ, ಕೆಲವು ಹಳೆಯ, ನಿಧಾನದ ಸಾಟಾ ಬಗೆಯದನ್ನು ಮಾತ್ರ. ಹಿಂಬದಿಯ ಮಾದರಿ ಸಂಖ್ಯೆಯ ಚಿತ್ರ ಕಳುಹಿಸಿದರೆ ನೋಡಿ ಹೇಳುತ್ತೇನೆ. ಬಿಚ್ಚಿಸುವ ಮುನ್ನ ಹಾರ್ಡ್ ಡಿಸ್ಕಿನಲ್ಲಿರುವ ಮದುವೆಗಳನ್ನೆಲ್ಲ ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳಿ. ಆ ಡ್ರೈವ್ ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಸಣ್ಣದಾಗಿರಲಿ. ಪ್ರತ್ಯೇಕ ಅಡಾಪ್ಟರ್ ಬೇಡುವ ದೊಡ್ಡದಾದರೆ ನಕಲಿನ ನಡುವೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಉಳಿದರೂ ಡ್ರೈವ್ ನಿಂತುಬಿಡುತ್ತದೆ.