ಊರಿನ ನೀರಿನ ಘಟಕಕ್ಕೆ 'ಸಿಎಸ್‌ಆರ್' ಬೋರ್ಡ್ ಇದೆ, ಲೆಕ್ಕ ಎಲ್ಲಿ ನೋಡೋದು?

ಗಿಣಿಗೇರಾ ರಸ್ತೆ
ನಮ್ಮದು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಸ್ಪಾಂಜ್ ಐರನ್ (ಅದಿರಿನಿಂದ ಮಾಡುವ ಕಬ್ಬಿಣ) ಕಂಪನಿಯೊಂದು ಗಂಟೆಗೆ 1000 ಲೀಟರ್ ನೀರು ಶುದ್ಧ ಮಾಡುವ ಆರ್‌ಒ ಘಟಕ ಕೂಡಿಸಿ, ಸಿಎಸ್‌ಆರ್ (ಕಂಪನಿ ತನ್ನ ಲಾಭದಾಗ ಸಮಾಜಕ್ಕೆ ಖರ್ಚು ಮಾಡೋ ಹಣ) ಅಂತ ಗೋಡೆ ತುಂಬ ಬರೆಸಿದೆ. ಎರಡು ವರ್ಷಕ್ಕೇ ನಿಂತಿದೆ. ಪಂಚಾಯ್ತಿಯವರು ಕಂಪನಿದು ಅಂತಾರೆ, ಕಂಪನಿಯವರು ಪಂಚಾಯ್ತಿಗೆ ಒಪ್ಪಿಸೀವಿ ಅಂತಾರೆ. ಮಾಲೀಕರು ಯಾರು, ದುಡ್ಡು ಎಷ್ಟು ಹೋಗಿದೆ, ಯಾವ ಕಾಗದದಾಗ ಸಿಗುತ್ತೆ? ಆರ್‌ಟಿಐ ಹಾಕಬಹುದಾ?

ಎಡದಂಡೆ ಕಾಲುವೆ
ಖಾಸಗಿ ಕಂಪನಿಗೆ ನೇರವಾಗಿ ಆರ್‌ಟಿಐ ನಡೆಯಲ್ಲ. ಅದರ ವಾರ್ಷಿಕ ವರದಿ ತೆಗೀರಿ. ಆಡಳಿತ ಮಂಡಳಿ ವರದಿಯ ಹಿಂದೆ ಸಿಎಸ್‌ಆರ್ ಅನುಬಂಧ ಇರುತ್ತೆ. 2022ರಲ್ಲಿ ಬದಲಾದ ನಮೂನೆಯಲ್ಲಿ, ಆ ವರ್ಷ ಸಿಎಸ್‌ಆರ್ ಹಣದಲ್ಲಿ ಆಸ್ತಿ ಮಾಡಿದ್ದರೆ ಅದಕ್ಕೊಂದು ಪಟ್ಟಿ ಕೊಡಲೇಬೇಕು: ಆಸ್ತಿ ಯಾವುದು, ವಿಳಾಸ, ಪಿನ್‌ಕೋಡ್, ದಿನಾಂಕ, ಮೊತ್ತ, ಮಾಲೀಕರ ಹೆಸರು. ನಿಮ್ಮೂರಿನ ಪಿನ್‌ಕೋಡ್ ಹುಡುಕಿ ನೋಡಿ.

ಆ ಆಸ್ತಿ ಕಂಪನಿ ಹೆಸರಲ್ಲೇ ಇರುವಂತಿಲ್ಲ. ಸಿಎಸ್‌ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟ್, ಸಂಘ ಅಥವಾ ಲಾಭಕ್ಕಲ್ಲದ (8ನೇ ಕಲಂ) ಕಂಪನಿ, ಸ್ವಸಹಾಯ ಸಂಘದಂಥ ಫಲಾನುಭವಿ ಗುಂಪು, ಇಲ್ಲವೇ ಪಂಚಾಯ್ತಿಯಂಥ ಸಾರ್ವಜನಿಕ ಸಂಸ್ಥೆ, ಇವರಲ್ಲೇ ಒಬ್ಬರದಾಗಿರಬೇಕು. ಹಾಗಾಗಿ ನಿಮ್ಮ ಜಗಳಕ್ಕೆ ಉತ್ತರ ಆ ಕೊನೆಯ ಕಾಲಂನಲ್ಲಿದೆ.

ವರದಿ ಕಂಪನಿಯ ಜಾಲತಾಣದಲ್ಲಿ ಇಲ್ಲದಿದ್ದರೆ ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಸಲ್ಲಿಸಿದ ದಾಖಲೆ ನೋಡಬಹುದು. ಹಿಂದಿನ ವರ್ಷ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ್ದರೂ ಸಿಎಸ್‌ಆರ್ ಕಡ್ಡಾಯ ಮಾಡುವ ಕಂಪನಿ ಕಾಯ್ದೆಯ 135ನೇ ಕಲಂ ಅನ್ವಯ. ಮೂರು ವರ್ಷದ ಸರಾಸರಿ ಲಾಭದ ಶೇ 2 ಖರ್ಚು ಮಾಡಬೇಕು.

ಸಂಡೂರು ಗುಡ್ಡ
ಬೋರ್ಡ್ ನಂಬಬೇಡಿ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪರಿಸರ ಅನುಮತಿಯ ಷರತ್ತಿನಲ್ಲೇ ಆ ಊರಿಗೆ ನೀರು ಕೊಡಬೇಕು ಅಂತಿದ್ದರೆ ಅದು ಕಂಪನಿಯ ಬಾಕಿ, ಉಪಕಾರ ಅಲ್ಲ. ಅನುಮತಿ ಪತ್ರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತೆ. ಷರತ್ತು ಪಾಲನೆಯ ವರದಿಯನ್ನು ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಬಳ್ಳಾರಿ ಕಡೆ ಇನ್ನೊಂದು ಗೊಂದಲ ಇದೆ: ಗಣಿ ಗುತ್ತಿಗೆದಾರರು ರಾಯಲ್ಟಿ ಜೊತೆ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ. ಅದೂ ಸಿಎಸ್‌ಆರ್ ಅಲ್ಲ, ಸರ್ಕಾರ ರಚಿಸಿದ ಟ್ರಸ್ಟಿನ ಲೆಕ್ಕ. ಗಣಿ ಗುತ್ತಿಗೆ ಇಲ್ಲದ ಸ್ಪಾಂಜ್ ಐರನ್ ಘಟಕಕ್ಕೆ ಅದನ್ನು ಕಟ್ಟುವ ಬಾಧ್ಯತೆಯೇ ಇಲ್ಲ.

ಫಿಲ್ಟರ್ ಕೆಲಸ
ಘಟಕ ನಿಲ್ಲೋದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಕಟ್ಟೋಕೆ ದುಡ್ಡಿಟ್ಟಿರ್ತಾರೆ, ನಡೆಸೋಕೆ ಇಟ್ಟಿರಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಮರಳಿನ ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯದಿದ್ದರೆ, 5 ಮೈಕ್ರಾನ್ ಕಾರ್ಟ್ರಿಜ್ ಬದಲಿಸದಿದ್ದರೆ, ಆಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ಹಾಕುವ ರಾಸಾಯನಿಕ) ಡಬ್ಬಿ ಖಾಲಿ ಬಿಟ್ಟರೆ ಮೆಂಬ್ರೇನ್ (ನೀರು ಸೋಸುವ ಪೊರೆ) ಮೇಲೆ ಸುಣ್ಣ ಕಟ್ಟುತ್ತೆ. ಎರಡು-ಮೂರು ವರ್ಷ ಬರಬೇಕಾದ್ದು ತಿಂಗಳುಗಳಲ್ಲೇ ಹಾಳು. ಕಾರ್ಟ್ರಿಜ್‌ನ ಆಚೆ-ಈಚೆ ಪ್ರೆಷರ್ ಗೇಜ್ ನೋಡಿ; ಮುಳ್ಳುಗಳ ನಡುವೆ ಅಂತರ ಹೆಚ್ಚುತ್ತಾ ಹೋದರೆ ಕಾರ್ಟ್ರಿಜ್ ಕಟ್ಟಿಕೊಂಡಿದೆ ಅಂತ ಅರ್ಥ.

ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಲವಣ) ಮೀಟರ್ 80 ತೋರಿಸಿತು ಅಂತ ಸುಮ್ಮನಾಗಬೇಡಿ. ಅದು ಫ್ಲೋರೈಡನ್ನು ಪ್ರತ್ಯೇಕವಾಗಿ ಹೇಳಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು: ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಹೊರಹಾಕುವ ನೀರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತೆ, ಅದು ದನದ ತೊಟ್ಟಿಗೆ ಹೋಗಬಾರದು.

ಗಿಣಿಗೇರಾ ರಸ್ತೆ
ಬಾಳ ಉಪಕಾರ ಆತ್ರಿ. ಕಂಪನಿ ರಿಪೇರಿ ಮಾಡ್ಸತೀವಿ ಅಂದ್ರ ಏನೇನು ಬರೆಸ್ಕೋಬೇಕು?

ಎಡದಂಡೆ ಕಾಲುವೆ
ಮುಂದುವರಿಯುವ ಯೋಜನೆ ಅಂತ ಮಂಜೂರು ಮಾಡಿಸಿ. ಶುರುವಾದ ಹಣಕಾಸು ವರ್ಷ ಬಿಟ್ಟು ಮೂರು ವರ್ಷದವರೆಗೆ ನಿರ್ವಹಣೆ ಖರ್ಚೂ ಅದರಲ್ಲೇ ಸೇರಿಸಬಹುದು. ಒಪ್ಪಂದದಲ್ಲಿ ಮೆಂಬ್ರೇನ್ ಯಾರ ಖರ್ಚು, ಆಪರೇಟರ್ ಸಂಬಳ ಯಾರು ಕೊಡ್ತಾರೆ, ಕಾಯಿನ್ ಬಾಕ್ಸ್ ದುಡ್ಡು ಯಾವ ಖಾತೆಗೆ ಅಂತ ಬರೀರಿ. ಸಿಎಸ್‌ಆರ್ ಯೋಜನೆಯಿಂದ ಬಂದ ಹೆಚ್ಚುವರಿ ಹಣವನ್ನು ಕಂಪನಿ ತನ್ನ ಲಾಭಕ್ಕೆ ಸೇರಿಸಿಕೊಳ್ಳುವಂತಿಲ್ಲ.

ಆರ್‌ಟಿಐ ಪಂಚಾಯ್ತಿಗೆ ಹಾಕಿ. ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ. 'ಯಾಕೆ ನಿಂತಿದೆ' ಅಂತ ಕೇಳಬೇಡಿ, ಅದಕ್ಕೆ ದಾಖಲೆ ಇರಲ್ಲ. ಹೀಗೆ ಬರೀರಿ: 'ಸದರಿ ಘಟಕದ ಹಸ್ತಾಂತರ ಪತ್ರ, ಆ ಬಗ್ಗೆ ಪಂಚಾಯ್ತಿಯ ಠರಾವು, ವಿದ್ಯುತ್ ಮೀಟರ್ ಯಾರ ಹೆಸರಲ್ಲಿದೆ ಎಂಬ ದಾಖಲೆ, ಇವುಗಳ ದೃಢೀಕೃತ ನಕಲು ಕೊಡಿ.'