ಇಂಗ್ಲೆಂಡಿನ ಹರಾಜಿನಲ್ಲಿ ಹಳೆಯ ಮಹೋಗನಿ ಚೆಸ್ಟ್ (ಡ್ರಾಯರ್‌ಗಳ ಪೆಟ್ಟಿಗೆ): ಕೂಗುವ ಮುಂಚೆ ಏನೇನು ನೋಡಬೇಕು?

ಲೀಡ್ಸ್‌ವಾಸಿ ಕೇಳಿದ್ದು:
ಯಾರ್ಕ್‌ಷೈರ್‌ನ ಒಂದು ಹರಾಜಿನ ಪಟ್ಟಿಯಲ್ಲಿ ಹೀಗಿದೆ: "ಮೂರನೇ ಜಾರ್ಜ್ ಕಾಲದ ಮಹೋಗನಿ ಚೆಸ್ಟ್, ಸುಮಾರು 1780, ಎರಡು ಗಿಡ್ಡ ಮತ್ತು ಮೂರು ಉದ್ದ ಡ್ರಾಯರ್, ಬ್ರಾಕೆಟ್ ಕಾಲು, ಹಿಡಿಗಳು ನಂತರದವು, ಅಗಲ 94 ಸೆಂ.ಮೀ., ಅಂದಾಜು 150–250 ಪೌಂಡ್." ಅದೇ ಹರಾಜಿನಲ್ಲಿ "ಚಿಪ್ಪೆಂಡೇಲ್ ಶೈಲಿಯ" ಆರು ಊಟದ ಕುರ್ಚಿಗಳೂ ಇವೆ. ಇಷ್ಟು ಹಳೆಯ ವಸ್ತು ಇಷ್ಟು ಅಗ್ಗಕ್ಕೆ ಹೇಗೆ? ಶನಿವಾರ ನೋಡಲು ಬಿಡುತ್ತಾರೆ. ಹೋದಾಗ ಏನು ಪರೀಕ್ಷಿಸಬೇಕು? ಎಲ್ಲ ಖರ್ಚೂ ಸೇರಿ ನನ್ನ ಮಿತಿ 300 ಪೌಂಡ್. ಎರಡು ವರ್ಷದಲ್ಲಿ ಮೈಸೂರಿಗೆ ವಾಪಸ್ ಹೋಗುವ ಯೋಚನೆ ಇದೆ, ಜೊತೆಗೆ ಒಯ್ಯಬಹುದೇ?

ಲಾಟ್‌ನಂಬರ್:
ಅಗ್ಗ ಅಂದಮಾತ್ರಕ್ಕೆ ಅನುಮಾನ ಬೇಡ. ಕಂದು ಮರದ ಸಾಮಾನಿಗೆ ಬ್ರಿಟನ್ನಿನಲ್ಲಿ 2000ದ ನಂತರ ಬೇಡಿಕೆ ಕುಸಿದಿದೆ. ಮನೆಗಳು ಚಿಕ್ಕವಾದವು, ಗೋಡೆಗೆ ಕೂರಿಸಿದ ಕಪಾಟು ಬಂತು, ತಿಳಿಬಣ್ಣದ ರುಚಿ ಬಂತು. 18ನೇ ಶತಮಾನದ ಸಾಧಾರಣ ಚೆಸ್ಟ್ ಈಗ ಹೊಸ ಚಿಪ್‌ಬೋರ್ಡ್ ಚೆಸ್ಟ್‌ನ ಬೆಲೆಗೆ ಹೋಗುತ್ತದೆ.

ವಿವರಣೆಯನ್ನು ಮಾತ್ರ ಒಂದೊಂದು ಪದ ಹಿಡಿದು ಓದಿ. "ಮೂರನೇ ಜಾರ್ಜ್ ಕಾಲದ" ಎಂದರೆ ಆ ದೊರೆ ಆಳಿದ 1760ರಿಂದ 1820ರೊಳಗಿನದು ಎಂದು ಹರಾಜಿನವರು ಹೇಳುತ್ತಿದ್ದಾರೆ. "ಜಾರ್ಜಿಯನ್ ಶೈಲಿಯ" ಎಂದಿದ್ದರೆ ಅದು ಆ ರೂಪದ ನಕಲು, 1900ರದ್ದೋ 1970ರದ್ದೋ ಇರಬಹುದು. "ಮತ್ತು ನಂತರದ" ಎಂಬುದು ಬಂದರೆ ಯಾವುದೋ ಭಾಗ ಬದಲಾಗಿದೆ. "ಅಸೋಸಿಯೇಟೆಡ್" ಅಥವಾ "ಮ್ಯಾರೇಜ್" ಎಂದರೆ ಬೇರೆ ಬೇರೆ ಎರಡು ವಸ್ತುಗಳ ಭಾಗ ಕೂಡಿಸಿದ್ದು. ನಿಮ್ಮ ಕುರ್ಚಿಗಳ ವಿವರಣೆಯಲ್ಲಿ "ಶೈಲಿ" ಎಂದೇ ಇದೆ, ಅಂದರೆ 18ನೇ ಶತಮಾನದ ಬಡಗಿ ಚಿಪ್ಪೆಂಡೇಲ್‌ನ ರೂಪದ ನಕಲು. ಆ ಪದವೇ ಉತ್ತರ.

ಲೆಕ್ಕ ಹೀಗೆ. 200 ಪೌಂಡ್‌ಗೆ ಕೂಗು ನಿಂತಿತು ಎಂದುಕೊಳ್ಳಿ. ಕೊಂಡವರ ಪ್ರೀಮಿಯಂ (ಕೂಗಿದ ಬೆಲೆಯ ಮೇಲೆ ಹರಾಜಿನವರು ಹಾಕುವ ಶುಲ್ಕ) 25% ಇದ್ದರೆ 50, ಅದರ ಮೇಲೆ 20% ವ್ಯಾಟ್ ತೆರಿಗೆ 10. ಒಟ್ಟು 260. ಆನ್‌ಲೈನ್ ವೇದಿಕೆಯ ಮೂಲಕ ಕೂಗಿ ಅವರು ಇನ್ನೂ 5% ಹಾಕಿದರೆ 10, ಅದರ ವ್ಯಾಟ್ 2. ಅಲ್ಲಿಗೆ 272. ಅಂದರೆ 300ರ ಮಿತಿಗೆ ಸಭಾಂಗಣದಲ್ಲಿ ಕೂತು ಕೂಗಿದರೆ 230ರವರೆಗೆ ಹೋಗಬಹುದು, ಆನ್‌ಲೈನ್ ಆದರೆ 220. ಸಾಗಣೆ ಇದರಲ್ಲಿ ಸೇರಿಲ್ಲ! ಪ್ರೀಮಿಯಂ ಎಷ್ಟು ಎಂಬುದು ಒಂದೊಂದು ಕಡೆ ಒಂದೊಂದು ತರಹ, ಷರತ್ತುಗಳ ಹಾಳೆಯಲ್ಲಿ ನೋಡಿ. ಪಟ್ಟಿಯಲ್ಲಿ ಲಾಟ್ (ಹರಾಜಿನ ಒಂದೊಂದು ವಸ್ತು) ಪಕ್ಕ ನಕ್ಷತ್ರ ಅಥವಾ ಕಠಾರಿ ಗುರುತು ಇದ್ದರೆ ಕೂಗಿದ ಬೆಲೆಯ ಮೇಲೂ ತೆರಿಗೆ ಬೀಳಬಹುದು. ಸಾಮಾನು ಎತ್ತಲು ಎಷ್ಟು ದಿನ ಕೊಡುತ್ತಾರೆ, ಆಮೇಲೆ ದಿನಕ್ಕೆಷ್ಟು ದಾಸ್ತಾನು ಬಾಡಿಗೆ ಎಂಬುದನ್ನೂ ಮೊದಲೇ ಕೇಳಿ.

ಉಳಿಬಾಚಿ:
ಮುಂಭಾಗ ನೋಡಿ ಕಾಲ ಕಳೆಯಬೇಡಿ, ಮುಂಭಾಗವನ್ನು ಎಲ್ಲರೂ ಚೆಂದ ಮಾಡಿಯೇ ಇಟ್ಟಿರುತ್ತಾರೆ. ಟಾರ್ಚ್, ಅಳತೆ ಟೇಪ್, ಸಣ್ಣ ಕನ್ನಡಿ, ಒಂದು ಕಪ್ಪು ಕಾಗದ ತೆಗೆದುಕೊಂಡು ಹೋಗಿ. ಸಿಬ್ಬಂದಿಗೆ ಹೇಳಿ ಡ್ರಾಯರ್‌ಗಳನ್ನು ಪೂರ್ತಿ ಹೊರಗೆಳೆದು ಬೋರಲು ಹಾಕಿ. ಯಾರೂ ಬೇಡ ಅನ್ನುವುದಿಲ್ಲ, ಅಲ್ಲಿ ಅದು ವಾಡಿಕೆ.

ಮೊದಲು ಮೂಲೆಗಳ ಡವ್‌ಟೇಲ್ ಜೋಡಣೆ, ಅಂದರೆ ಎರಡು ಹಲಗೆಗಳ ಹಲ್ಲು ಒಂದರೊಳಗೊಂದು ಕೂರುವ ಜಾಗ. ಕೈಯಲ್ಲಿ ಕೊರೆದದ್ದಾದರೆ ಹಲ್ಲುಗಳ ಅಗಲ, ಓರೆ ಸ್ವಲ್ಪ ಸ್ವಲ್ಪ ಬೇರೆ ಇರುತ್ತದೆ, ಬಡಗಿ ಎಳೆದ ಗೆರೆ ಬದಿಯಲ್ಲಿ ಇನ್ನೂ ಕಾಣುತ್ತದೆ. ಅಚ್ಚು ಹೊಡೆದಂತೆ ಎಲ್ಲ ಒಂದೇ ಸಮ ಇದ್ದರೆ ಯಂತ್ರದ ಕೆಲಸ, 19ನೇ ಶತಮಾನದ ಕೊನೆ ಅಥವಾ ಅದರ ನಂತರದ್ದು. ಐದೂ ಡ್ರಾಯರ್ ಒಂದೇ ಕೈಯ ಕೆಲಸವೇ ಎಂದು ಹೋಲಿಸಿ. ನಾಲ್ಕು ಒಂದು ತರಹ, ಒಂದು ಬೇರೆ ತರಹ ಇದ್ದರೆ ಆ ಒಂದು ಹೊರಗಿನಿಂದ ಬಂದದ್ದು.

ತಳದ ಹಲಗೆಯ ನಾರು ಯಾವ ದಿಕ್ಕಿಗೆ? 18ನೇ ಶತಮಾನದ ಆರಂಭದವುಗಳಲ್ಲಿ ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ, ಶತಮಾನದ ಉತ್ತರಾರ್ಧದಲ್ಲಿ ಎಡದಿಂದ ಬಲಕ್ಕೆ. 1780ರ ಚೆಸ್ಟ್‌ನಲ್ಲಿ ಎಡ-ಬಲವೇ ಇರಬೇಕು. ತಳದಲ್ಲಿ ಮುಂದುಗಡೆ ಸಂದು ಬಿದ್ದಿದ್ದರೆ ಹೆದರಬೇಡಿ, ಇನ್ನೂರು ವರ್ಷದಲ್ಲಿ ಹಲಗೆ ನಾರಿಗೆ ಅಡ್ಡಲಾಗಿ ಕುಗ್ಗಿದೆ, ಅಷ್ಟೇ. ಹಿಂದಿನ ಮೊಳೆ ಬಿಡಿಸಿ ಹಲಗೆಯನ್ನು ಮುಂದಕ್ಕೆ ತಳ್ಳಿದರೆ ಸರಿಹೋಗುತ್ತದೆ.

ಇನ್ನು ಸವೆತ. ಡ್ರಾಯರ್‌ನ ಪಕ್ಕದ ಹಲಗೆಯ ಕೆಳ ಅಂಚು ಸವೆದಿದ್ದರೆ, ಅದು ಒಳಗೆ ಜಾರುವ ಪಟ್ಟಿಯೂ ಅದೇ ಜಾಗದಲ್ಲಿ ಸವೆದಿರಬೇಕು. ಒಂದು ಸವೆದು ಇನ್ನೊಂದು ಚೂಪಾಗಿದ್ದರೆ ಎರಡರಲ್ಲೊಂದು ಹೊಸದು. ಪಟ್ಟಿ ಬದಲಾಯಿಸಿದ್ದು ದೋಷವಲ್ಲ, ಇಡೀ ಡ್ರಾಯರ್ ಬದಲಾಗಿದ್ದರೆ ದೋಷ.

ಕೊನೆಗೆ ಡ್ರಾಯರ್ ಮುಖದ ಒಳಬದಿಯಲ್ಲಿ ಹಿಡಿಯ ತೂತುಗಳನ್ನು ಎಣಿಸಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಳಗೆ ಹಳೆಯ ತೂತುಗಳಿದ್ದು, ಅವುಗಳಿಗೆ ಸರಿಯಾಗಿ ಹೊರಗೆ ಮುಚ್ಚಿದ ಗುರುತು ಇರಬೇಕು. ಒಳಗಿದ್ದು ಹೊರಗೆ ಇಲ್ಲ ಎಂದರೆ ಮುಖಕ್ಕೆ ಆಮೇಲೆ ಹೊಸ ವೆನೀರ್ (ಮರದ ತೆಳು ಪದರ) ಅಂಟಿಸಿದ್ದಾರೆ. ವೆನೀರ್‌ನ ದಪ್ಪವನ್ನೂ ಅಂಚಿನಲ್ಲಿ ನೋಡಿ: ಗರಗಸದಲ್ಲಿ ಕೊಯ್ದ ಹಳೆಯದು 1.5 ಮಿ.ಮೀ. ಮೇಲ್ಪಟ್ಟು, ಯಂತ್ರದ ಅಲಗಿನಲ್ಲಿ ಹೆರೆದ ಹೊಸದು 0.6 ಮಿ.ಮೀ. ಆಸುಪಾಸು.

ಹಳೇಅರಗು:
ಉಳಿಬಾಚಿಯವರು ಬಿಟ್ಟದ್ದನ್ನು ಸೇರಿಸುತ್ತೇನೆ. ಚೆಸ್ಟ್‌ನ ಬೆನ್ನು ಹಲಗೆಗಳ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಗರಗಸದ ಗೆರೆ ನೇರವಾಗಿದ್ದರೆ ಕೈಗರಗಸ. ಬಿಲ್ಲಿನಂತೆ ಬಾಗಿದ್ದರೆ ಸುತ್ತುಗರಗಸ, ಅದು ಮರಗೆಲಸದಲ್ಲಿ ಎಲ್ಲೆಡೆ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಸ್ಕ್ರೂ ಇದ್ದರೆ ಒಂದನ್ನು ತೆಗೆಯಲು ಬಿಡುತ್ತಾರೇನೋ ಕೇಳಿ. ತುದಿ ಮೊಂಡಾಗಿ, ತಲೆಯ ಸೀಳು ನಡುವಿನಿಂದ ಸ್ವಲ್ಪ ಸರಿದಿದ್ದರೆ ಕೈಯಿಂದ ಅರ ಹಾಕಿದ್ದು. ಚೂಪು ತುದಿಯ ಯಂತ್ರದ ಸ್ಕ್ರೂ ಬಂದದ್ದು 1840ರ ದಶಕದ ನಂತರ.

ಬಣ್ಣ: ಗಾಳಿಗೆ ತೆರೆದ, ಮೆರುಗು ಹಚ್ಚದ ಮರ ಒಣಗಿದ ಬೂದುಗಂದಾಗಿರುತ್ತದೆ, ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಗಾಳಿ ತಾಗದ ಸಂದಿನಲ್ಲಿ ತಿಳಿಯಾಗಿರಬೇಕು. ತಳ, ಬೆನ್ನು, ಒಳಗು ಎಲ್ಲವೂ ಒಂದೇ ಕಾಫಿ ಬಣ್ಣದಲ್ಲಿದ್ದರೆ ಯಾರೋ ಬಣ್ಣ ಬಳಿದಿದ್ದಾರೆ. ಯಾಕೆ ಬಳಿದರು ಎಂಬುದು ಮುಂದಿನ ಪ್ರಶ್ನೆ.

ಮರದ ಇತಿಹಾಸವೂ ನೆನಪಿರಲಿ. ಅಮೆರಿಕದ ವಸಾಹತುಗಳಿಂದ ಬರುವ ಮರಕ್ಕೆ ಬ್ರಿಟನ್ ಸುಂಕ ತೆಗೆದದ್ದು 1721ರಲ್ಲಿ, ಜಮೈಕಾದ ಮಹೋಗನಿ ಹೇರಳವಾಗಿ ಬಂದದ್ದು ಅದರ ನಂತರ. ಹಾಗಾಗಿ "ರಾಣಿ ಆನ್ ಕಾಲದ ಮಹೋಗನಿ ಚೆಸ್ಟ್" ಎಂದು ಯಾರಾದರೂ ಬರೆದರೆ ಹುಬ್ಬೇರಿಸಿ, ಆಕೆ ತೀರಿಕೊಂಡದ್ದೇ 1714ರಲ್ಲಿ. ನಿಮ್ಮ 1780ಕ್ಕೆ ಆ ತಕರಾರಿಲ್ಲ.

ಹೆಸರಿಗೂ ದುಡ್ಡು ಕೊಡಬೇಡಿ. ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ನಕ್ಷೆಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ, ಅದನ್ನು ನೋಡಿ ಊರೂರಿನ ಬಡಗಿಗಳು ಮಾಡಿದರು. ಆ ಕಾಲದ ಇಂಗ್ಲಿಷ್ ಕೆಲಸದಲ್ಲಿ ಮಾಡಿದವರ ಹೆಸರಿನ ಮುದ್ರೆ ಅಪರೂಪ. ಲ್ಯಾಂಕಾಸ್ಟರ್‌ನ ಗಿಲೋಸ್ ಕಂಪನಿ ಡ್ರಾಯರ್‌ನ ಮೇಲಂಚಿನಲ್ಲಿ ಒತ್ತುತ್ತಿದ್ದ ಮುದ್ರೆ ಅಂಥ ಅಪರೂಪದ ಒಂದು. ಎಡ್ವರ್ಡ್ಸ್ ಅಂಡ್ ರಾಬರ್ಟ್ಸ್ ಎಂದು ಕಂಡರೆ ಮಾಡಿದವರು ಅವರೇ ಎಂದು ತಿಳಿಯಬೇಡಿ, ಹಳೆಯದನ್ನು ಕೊಂಡು ಮಾರುವಾಗಲೂ ಮುದ್ರೆ ಒತ್ತಿದ ಅಂಗಡಿ ಅದು. ಪ್ಯಾರಿಸ್‌ನ ಮಾತು ಬೇರೆ: ಅಲ್ಲಿ 18ನೇ ಶತಮಾನದ ನಡುವಿನಿಂದ, 1791ರಲ್ಲಿ ಕಸುಬುದಾರರ ಸಂಘಗಳು ರದ್ದಾಗುವವರೆಗೆ, ಉಸ್ತಾದರು ಹೆಸರು ಒತ್ತುವುದು ಕಡ್ಡಾಯ. ಆದರೂ ಅದು ರಿಪೇರಿ ಮಾಡಿದವನ ಮುದ್ರೆ ಇರಬಹುದು, ಆಮೇಲೆ ಯಾರೋ ಒತ್ತಿದ ಸುಳ್ಳು ಮುದ್ರೆಯೂ ಇರಬಹುದು.

ಲೀಡ್ಸ್‌ನಲ್ಲೇ ಇದ್ದೀರಿ, ಮೊದಲು ಅಲ್ಲಿನ ಹಳೆಯ ಬಂಗಲೆ ಟೆಂಪಲ್ ನ್ಯೂಸಮ್‌ಗೆ ಒಂದು ಸಲ ಹೋಗಿ. ನಿಜವಾದ ಚಿಪ್ಪೆಂಡೇಲ್ ಸಾಮಾನು ಅಲ್ಲಿದೆ. ಆತ ಹುಟ್ಟಿದ್ದೂ ಪಕ್ಕದ ಒಟ್ಲಿಯಲ್ಲಿ. ಕಣ್ಣಿಗೆ ಅಳತೆಗೋಲು ಸಿಗುತ್ತದೆ.

ಉಳಿಬಾಚಿ:
ಆ ಕುರ್ಚಿಗಳನ್ನು ಒಂದು ನಿಮಿಷ ತಿರುಗಿಸಿ ನೋಡಿ. ಕೂರುವ ಚೌಕಟ್ಟಿನ ಒಳಮೂಲೆಗೆ ತ್ರಿಕೋನದ ತುಂಡು ಅಂಟಿಸಿ ಸ್ಕ್ರೂ ಹೊಡೆದಿದ್ದರೆ 19ನೇ ಶತಮಾನ ಅಥವಾ ಈಚಿನದು, ಇಲ್ಲವೇ ಆಮೇಲಿನ ರಿಪೇರಿ. 18ನೇ ಶತಮಾನದವರು ಮೂಲೆಗೆ ಅಡ್ಡಲಾಗಿ ಒಂದು ಪಟ್ಟಿಯನ್ನು ಸೀಳಿಗೆ ಇಳಿಸುತ್ತಿದ್ದರು. ಒಂದೇ ಸೆಟ್ ಆದರೆ ಉಳಿಯಲ್ಲಿ ಕೆತ್ತಿದ ರೋಮನ್ ಅಂಕಿ ಚೌಕಟ್ಟಿನಲ್ಲೂ ಸೀಟಿನಲ್ಲೂ ಸಿಗಬಹುದು. ನಾಲ್ಕು ಕುರ್ಚಿ ಬಿಚ್ಚಿ, ಹೊಸ ತುಂಡು ಸೇರಿಸಿ ಆರು ಮಾಡುವುದು ಹಳೆಯ ಕಸುಬು. ಆರರ ಸೆಟ್‌ಗೆ ಬಿಡಿ ಕುರ್ಚಿಗಿಂತ ಬೆಲೆ ಜಾಸ್ತಿಯಲ್ಲವೇ, ಅದಕ್ಕೆ.

ಲೀಡ್ಸ್‌ವಾಸಿ:
ನೋಡಿ ಬಂದೆ. ಕುರ್ಚಿಗಳಿಗೆ ತ್ರಿಕೋನದ ತುಂಡು, ಸ್ಕ್ರೂ ಎರಡೂ ಇವೆ, ಬಿಟ್ಟೆ. ಚೆಸ್ಟ್: ಡವ್‌ಟೇಲ್ ಕೈಕೆಲಸ, ಐದೂ ಒಂದೇ ತರಹ. ಪ್ರತಿ ಹಿಡಿಯ ಜಾಗದಲ್ಲಿ ಒಳಗೆ ಮೂರು ತೂತು, ಎರಡು ಸಣ್ಣದರ ನಡುವೆ ಒಂದು ದೊಡ್ಡದು. ದೊಡ್ಡದನ್ನು ಮರದಿಂದ ಮುಚ್ಚಿದ್ದಾರೆ, ಹೊರಗೂ ಆ ಬಿಲ್ಲೆ ಕಾಣುತ್ತದೆ. ಬೆನ್ನಿನ ನಾಲ್ಕು ಹಲಗೆಯಲ್ಲಿ ಒಂದಕ್ಕೆ ಮಾತ್ರ ಬಾಗಿದ ಗೆರೆ. ಪಕ್ಕದ ಹಲಗೆಯಲ್ಲಿ ಮೇಲಿಂದ ಕೆಳಕ್ಕೆ 2 ಮಿ.ಮೀ. ಸೀಳು. ಹಿಂದಿನ ಒಂದು ಕಾಲಿನಲ್ಲಿ ಹುಳದ ತೂತು.

ಉಳಿಬಾಚಿ:
ಒಳ್ಳೆಯ ಸುದ್ದಿಯೇ. ಮೂರು ತೂತಿನ ಅರ್ಥ: ಮೊದಲು ಹಿತ್ತಾಳೆಯ ಹಂಸಕತ್ತಿನ ಹಿಡಿ ಇತ್ತು. ವಿಕ್ಟೋರಿಯಾ ರಾಣಿಯ ಕಾಲದವರು (19ನೇ ಶತಮಾನ) ಅದನ್ನು ಕಿತ್ತು ದೊಡ್ಡ ತೂತು ಕೊರೆದು ಮರದ ಗುಂಡಿ ಹಾಕಿದರು. ಆಮೇಲೆ ಯಾರೋ ಮತ್ತೆ ಹಿತ್ತಾಳೆಗೆ ಮರಳಿದರು. ಹೊರಗೆ ಬಿಲ್ಲೆ ಕಾಣುವುದರಿಂದ ಮುಖ ಮೂಲದ್ದೇ. ಬೆನ್ನಿನಲ್ಲಿ ಒಂದು ಹಲಗೆ ಬದಲಾಗಿದೆ, ಇಷ್ಟು ಬೆಲೆಯ ವಸ್ತುವಿಗೆ ಅದು ಲೆಕ್ಕಕ್ಕಿಲ್ಲ. ಪಕ್ಕದ ಸೀಳಿಗೆ ಕಾರಣ, ಒಳಗಿನ ಪಟ್ಟಿಯನ್ನು ನಾರಿಗೆ ಅಡ್ಡಲಾಗಿ ಅಂಟಿಸಿರುವುದು: ಹಲಗೆ ಕುಗ್ಗಲು ಹೋದಾಗ ಪಟ್ಟಿ ಬಿಡಲಿಲ್ಲ. ಅದಕ್ಕೆ ಪುಟ್ಟಿ ತುಂಬಬೇಡಿ. ಅದೇ ಮರದ ಸಣ್ಣ ಚೂರನ್ನು ಚರ್ಮ-ಮೂಳೆಯ ಹಳೆಯ ಅಂಟಿನಲ್ಲಿ ಕೂರಿಸಬೇಕು. ಬಿಳಿ ಫೆವಿಕಾಲ್ ಥರದ್ದು ಬೇಡ, ಮುಂದೆ ಬಿಚ್ಚಲು ಬರುವುದಿಲ್ಲ.

ಒಂದು ಉಳಿಯಿತು. ಇದು ಎರಡು ಅಂತಸ್ತಿನ ದೊಡ್ಡ ಚೆಸ್ಟ್‌ನ ಮೇಲರ್ಧಕ್ಕೆ ಕಾಲು ಜೋಡಿಸಿದ್ದಲ್ಲ ತಾನೇ? ಮೇಲಿನ ಹಲಗೆ ಒಳ್ಳೆಯ ಮಹೋಗನಿಯಾಗಿದ್ದು, ಅಂಚು ಸ್ವಲ್ಪ ಹೊರಚಾಚಿ, ಅದರ ಅಡಿಭಾಗವೂ ಹಳೆಯದಾಗಿದ್ದರೆ ಸರಿ. ಒರಟು ಪೈನ್ ಮೇಲೆ ತೆಳು ವೆನೀರ್ ಇದ್ದರೆ ಸರಿಯಿಲ್ಲ. ಅಗಲ ಕತ್ತರಿಸಿರುವ ಭಯ ಬೇಡ, 94 ಸೆಂ.ಮೀ. ಸಾಧಾರಣ ಅಳತೆ. ಕತ್ತರಿಸುವುದು 80ಕ್ಕಿಂತ ಕಿರಿದು ಮಾಡಿ ಬೆಲೆ ಏರಿಸಲು.

ಹಳೇಅರಗು:
ಹಿಡಿಯ ವಿಷಯದಲ್ಲಿ ನಾನು ಉಳಿಬಾಚಿಯವರಷ್ಟು ಉದಾರಿಯಲ್ಲ. ಎರಡು ಸಲ ಬದಲಾದ ಹಿಡಿ ಎಂದರೆ ಬೆಲೆ ಒಂದಿಷ್ಟು ಇಳಿಯಲೇಬೇಕು, 200 ದಾಟಬೇಡಿ.

ಹುಳ: ತೂತು 1.5–2 ಮಿ.ಮೀ. ಇದ್ದರೆ ಸಾಮಾನ್ಯ ಕೊರೆಹುಳ. ಕಾಲಿನ ಕೆಳಗೆ ಕಪ್ಪು ಕಾಗದ ಇಟ್ಟು ಬೆರಳಿನಿಂದ ತಟ್ಟಿ. ತಿಳಿಬಣ್ಣದ, ಮುಟ್ಟಿದರೆ ಮರಳು ಮರಳಾದ ಹುಡಿ ಉದುರಿ, ತೂತಿನ ಅಂಚು ಹೊಸದಾಗಿ ಕಂಡರೆ ಹುಳ ಇನ್ನೂ ಬದುಕಿರಬಹುದು. ಹೊರಬರುವ ಕಾಲ ಮೇಯಿಂದ ಆಗಸ್ಟ್. ಗುಂಡು ತೂತಿನ ಬದಲು ಮೈಮೇಲೆ ಉದ್ದಕ್ಕೆ ಕಾಲುವೆಯಂತೆ ತೆರೆದಿದ್ದರೆ ಮಾತ್ರ ಎಚ್ಚರ: ಹುಳ ಮೈಮೇಲೆ ಹಾಗೆ ಕೊರೆಯುವುದಿಲ್ಲ, ಹುಳ ತಿಂದ ಹಳೆಯ ಮರವನ್ನು ಆಮೇಲೆ ಹೆರೆದು ಕಾಲು ಮಾಡಿದ್ದಾರೆ ಎಂದರ್ಥ. ಮದ್ದು ನೀರಿನಲ್ಲಿ ಬೆರೆಯುವ ಪರ್ಮೆತ್ರಿನ್ ಎಂಬ ಕೀಟನಾಶಕ, ಮೆರುಗಿಲ್ಲದ ಮೈಗೆ ಮಾತ್ರ ಹಚ್ಚಿ, ತೂತಿಗೆ ಸೂಜಿಮೂತಿಯಿಂದ ಬಿಡಿ. ಮನೆಯಲ್ಲಿ ಬೆಕ್ಕು, ಮೀನು ಇದ್ದರೆ ಒಣಗುವವರೆಗೆ ಬೇರೆ ಕೋಣೆ, ಅವಕ್ಕೆ ಇದು ವಿಷ.

ಮೆರುಗನ್ನು ಕೆರೆದು ತೆಗೆಯಬೇಡಿ. ಫ್ರೆಂಚ್ ಪಾಲಿಶ್ ಎನ್ನುವುದು ನಮ್ಮ ಅರಗನ್ನೇ ಸ್ಪಿರಿಟ್‌ನಲ್ಲಿ ಕರಗಿಸಿದ್ದು, ಸ್ಪಿರಿಟ್ ತಾಗಿದರೆ ಏಳುತ್ತದೆ. ವರ್ಷಕ್ಕೆ ಒಂದೆರಡು ಸಲ ಜೇನುಮೇಣ ತೆಳುವಾಗಿ ಸವರಿ ಉಜ್ಜಿದರೆ ಸಾಕು. ಸಿಲಿಕೋನ್ ಸ್ಪ್ರೇ ಬೇಡ.

ಕಡಲಾಚೆ:
ಮೈಸೂರಿಗೆ ಒಯ್ಯುವ ಬಗ್ಗೆ. ಮಹೋಗನಿಯ ಸಿದ್ಧ ಪೀಠೋಪಕರಣಕ್ಕೆ ಸೈಟಿಸ್ (ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿಯ ತೊಡಕಿಲ್ಲ. ರೋಸ್‌ವುಡ್ ಆಗಿದ್ದರೆ ಕಥೆ ಬೇರೆ: ನಮ್ಮ ಬೀಟೆಯೂ ಸೇರಿ ಡಾಲ್ಬರ್ಜಿಯಾ ಜಾತಿಯ ಎಲ್ಲ ಮರಗಳೂ 2017ರಿಂದ ಪಟ್ಟಿಯಲ್ಲಿವೆ, ಬ್ರೆಜಿಲ್‌ನದು 1992ರಿಂದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಬೀಗದ ತೂತಿನ ಸುತ್ತ ಬಿಳಿ ತಗಡಿನಂಥದ್ದು ಕೂರಿಸಿದ್ದರೆ ಅದು ದಂತವೇ ಮೂಳೆಯೇ ಕೇಳಿ. ದಂತವಾದರೆ ಬ್ರಿಟನ್ನಿನಲ್ಲೇ 2022ರ ಜೂನ್‌ನಿಂದ ನೋಂದಣಿ ಇಲ್ಲದೆ ಮಾರುವಂತಿಲ್ಲ, ಭಾರತಕ್ಕಂತೂ ತರುವ ಮಾತೇ ಬೇಡ.

ಹರಾಜಿನ ರಸೀದಿಯಲ್ಲಿ "ಸುಮಾರು 1780" ಎಂದು ವಿವರಣೆ ಪೂರ್ತಿ ಬರೆಸಿಕೊಳ್ಳಿ. ಕಸ್ಟಮ್ಸ್‌ನಲ್ಲಿ ನೂರು ವರ್ಷ ಮೀರಿದ ಪುರಾತನ ವಸ್ತುವಿಗೆ 9706 ಎಂಬ ಬೇರೆಯೇ ಶೀರ್ಷಿಕೆ ಇದೆ, ವಯಸ್ಸಿಗೆ ಕಾಗದ ಇಲ್ಲದಿದ್ದರೆ ಹಳೆಯ ಮೇಜು-ಕುರ್ಚಿಯ ಲೆಕ್ಕಕ್ಕೆ ಹೋಗುತ್ತದೆ. ಕಟ್ಟುವ ಪೆಟ್ಟಿಗೆಯ ಮರಕ್ಕೆ ಐಎಸ್‌ಪಿಎಂ 15 (ಮರದ ಮೂಲಕ ಕೀಟ ಹರಡದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು, ಅಂದರೆ ಮರದ ಒಡಲು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಡ್ರಾಯರ್‌ಗಳನ್ನು ಒಳಗೇ ಬಿಟ್ಟು ಟೇಪ್ ಹಚ್ಚಬೇಡಿ, ಟೇಪಿನ ಜೊತೆ ಮೆರುಗೂ ಬರುತ್ತದೆ. ಬಟ್ಟೆಯ ಪಟ್ಟಿ ಕಟ್ಟಿ. ಪ್ಲಾಸ್ಟಿಕ್ ಹಾಳೆ ನೇರವಾಗಿ ಮೈಗೆ ಸುತ್ತಿದರೆ ಹಡಗಿನಲ್ಲಿ ಬೆವರಿ ಬಿಳಿಚುತ್ತದೆ, ಮೊದಲು ಕಾಗದ, ಮೇಲೆ ಕಂಬಳಿ.

ಮೈಸೂರಿನಲ್ಲಿ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಕಾಲಿನಡಿ ಬಿಲ್ಲೆ ಕೊಡಿ, ಗೆದ್ದಲಿನ ದಾರಿ ಕಾಣುವಂತಿರಲಿ. ಶಿವರಾತ್ರಿಯಿಂದ ಮೊದಲ ಮಳೆಯವರೆಗಿನ ಒಣಹವೆಯಲ್ಲಿ ಆ ಸೀಳು ಇನ್ನಷ್ಟು ಬಾಯಿ ಬಿಡಬಹುದು. ಹಾಗಾಗಿ ಸೀಳಿಗೆ ಚೂರು ಕೂರಿಸುವ ಕೆಲಸವನ್ನು ಲೀಡ್ಸ್‌ನಲ್ಲಿ ಮಾಡಿಸಬೇಡಿ, ಮೈಸೂರಿಗೆ ಹೋಗಿ ಒಂದು ಬೇಸಿಗೆ ಕಳೆದ ಮೇಲೆ ಮಾಡಿಸಿ.

ಲಾಟ್‌ನಂಬರ್:
ಕೂಗುವ ಹಿಂದಿನ ದಿನ ಮನೆಯ ಮೆಟ್ಟಿಲ ತಿರುವನ್ನೂ ಬಾಗಿಲನ್ನೂ ಅಳೆದಿಟ್ಟುಕೊಳ್ಳಿ. ಈ ಚೆಸ್ಟ್ ಬಿಚ್ಚಿ ಜೋಡಿಸುವಂಥದ್ದಲ್ಲ, 94 ಸೆಂ.ಮೀ. ಇದ್ದದ್ದು ಇದ್ದ ಹಾಗೇ ಒಳಗೆ ಹೋಗಬೇಕು.